ಕಾಗೆ ಬರೆಸಿದ ಕಾರ್ಡು

ನಾನು ಚಿಕ್ಕವನಿದ್ದಾಗ ಒಂದು ದಿನ, ನಮ್ಮ ತಾತ ನಾನು ಹುಟ್ಟುವ ಮುಂಚೆಯೇ ತೀರಿಕೊಂಡಿದ್ದರು ಅಂತ ಗೊತ್ತಾಯಿತು. ಗೊತ್ತಾದ ಹೊತ್ತಿಗೆ ತಾತ ಜಗಲಿಯ ಮೇಲೆ ಕೂತು ಹುರುಳಿಸಾರಿಗೆ ಮುದ್ದೆ ಅದ್ದಿ ನುಂಗುತ್ತಿದ್ದರು. ನಗಬೇಡಿ ಮೊಮ್ಮಕ್ಕಳೇ, ಪೂರ್ತಿ ಕೇಳಿ.

ಸಾಸಲಿನ ಹತ್ತಿರ ನಮ್ಮೂರು. ಯುಗಾದಿ ಹತ್ತಿರ ಬಂದಿತ್ತು, ಮನೆಗೆ ಸುಣ್ಣ ಹೊಡೆಯುವ ದಿನ. ಸಾಮಾನೆಲ್ಲ ಅಂಗಳಕ್ಕೆ ಬಂದು ಬಿದ್ದಿತ್ತು, ಹಸಿ ಸುಣ್ಣದ ಘಾಟಿಗೆ ಮೂಗು ಉರಿಯುತ್ತಿತ್ತು. ಅಪ್ಪ ಏಣಿ ಹತ್ತಿ, ತೊಲೆಗೆ ನೇತುಹಾಕಿದ್ದ ಕಾಗದದ ತಂತಿಯನ್ನು ಇಳಿಸಿ, ಧೂಳು ಒರೆಸಿ ಇಡಿ ಅಂತ ನನಗೂ ಅಕ್ಕನಿಗೂ ಕೊಟ್ಟರು. ಆಗೆಲ್ಲ ಮನೆಗೆ ಬಂದ ಕಾಗದಗಳನ್ನು ಹೀಗೆ ಕೊಕ್ಕೆ ತಂತಿಗೆ ಚುಚ್ಚಿ ಇಡುತ್ತಿದ್ದರು. ಮದುವೆ ಸುದ್ದಿಯ ಕಾರ್ಡಾದರೆ ಮೂಲೆಗೆ ಅರಿಶಿನ ಇರುತ್ತಿತ್ತು. ಸಾವಿನ ಸುದ್ದಿಯ ಕಾರ್ಡು ಮಾತ್ರ ಯಾರ ಮನೆ ತಂತಿಗೂ ಏರುತ್ತಿರಲಿಲ್ಲ. ಅದನ್ನು ಬಾಗಿಲಾಚೆಯೇ ಓದಿ, ಹರಿದು ಎಸೆದು, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕಿತ್ತು.

ಹಾಗಿದ್ದೂ ತಂತಿಯ ತಳದಲ್ಲಿ ಒಂದು ಸಾವಿನ ಕಾರ್ಡು ಸಿಕ್ಕಿತು. ಅಕ್ಕ ಓದಿದಳು: "ನಮ್ಮ ಯಜಮಾನರು ನಿನ್ನೆ ಬೆಳಿಗ್ಗೆ ದೈವಾಧೀನರಾದರು. ಕೂಡಲೇ ಹೊರಟು ಬರುವುದು. ಇಂತಿ ನಿಮ್ಮ ತಂಗಿ." ವಿಳಾಸ ಅನುಗೊಂಡನಹಳ್ಳಿಯದು. ಅದು ಅಜ್ಜಿಯ ತವರು.

"ಅಜ್ಜಿ ಅವರಣ್ಣನಿಗೆ ಬರೆದಿರೋದು ಕಣೋ," ಅಂದಳು ಅಕ್ಕ. "ಯಜಮಾನರು ಅಂದ್ರೆ ತಾತ."

ಮೊಹರಿನ ಇಸವಿ ನೋಡಿದರೆ ಆಗ ನಾನೂ ಹುಟ್ಟಿರಲಿಲ್ಲ, ಅವಳೂ ಹುಟ್ಟಿರಲಿಲ್ಲ. ಹಾಗಾದರೆ ಜಗಲಿ ಮೇಲಿರುವುದು ಯಾರು? ದೆವ್ವಕ್ಕೆ ಪಾದ ಹಿಂದುಮುಂದಾಗಿ ಇರುತ್ತದೆ, ಹೋಗಿ ನೋಡಿಕೊಂಡು ಬಾ ಅಂತ ಅಕ್ಕ ನನ್ನನ್ನೇ ತಳ್ಳಿದಳು. ನಮ್ಮಕ್ಕ ಅಂಥ ಕಿಲಾಡಿ.

ತಾತ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಪಾದ ಎರಡೂ ಪಂಚೆಯೊಳಗೆ. ನಾನು ಬಗ್ಗಿ ಪಂಚೆಯ ಅಂಚು ಎತ್ತಲು ಹೋದೆ. ಎಡಗೈಯಲ್ಲಿ ಒಂದು ಬಿಟ್ಟರು. ಪೆಟ್ಟು ಜೋರಾಗಿಯೇ ಬಿತ್ತು, ಆದರೆ ದೆವ್ವವೂ ಹೊಡೆಯಬಹುದಲ್ಲ. ಆಮೇಲೆ ಕೈ ತೊಳೆದು, ದಿನಾ ಕೊಡುವ ಹಾಗೆ ಬೆಲ್ಲದ ಚೂರು ತೆಗೆದು ಕರೆದರು. ನಾನು ಕಂಬದ ಹಿಂದೆಯೇ ನಿಂತೆ. ಅವರ ಬೆನ್ನಿಗೆ ಅಂಟಿಕೊಂಡೇ ಮಲಗುತ್ತಿದ್ದವನು ನಾನು, ಅವರನ್ನು ಬಿಟ್ಟು ನನಗೆ ನಿದ್ದೆಯೇ ಬರುತ್ತಿರಲಿಲ್ಲ. ತಾತನ ಮುಖ ಸಣ್ಣದಾಯಿತು.

"ಯಾಕೋ ಮಗಾ, ತಾತ ಬೇಡ್ವಾ?"

"ಬೇಕು, ಆದ್ರೆ ನೀನು ಸತ್ತೋಗಿದ್ದೀಯಲ್ಲ ತಾತ," ಅಂತ ನಾನು ಗೊಳೋ ಅಂತ ಅತ್ತುಬಿಟ್ಟೆ.

ಅಕ್ಕನ ಕೈಲಿದ್ದ ಕಾರ್ಡು ನೋಡಿ ತಾತ ತಲೆ ತಗ್ಗಿಸಿದರು. ಅಜ್ಜಿ ಮಾತ್ರ ಸುಣ್ಣದ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಗುತ್ತಾ ಕೂತು ಕಥೆ ಬಿಚ್ಚಿದರು.

ಒಂದು ಕಾಗೆ ತಾತನ ತಲೆಗೆ ಕುಕ್ಕಿತ್ತಂತೆ. ಅದು ಅಪಶಕುನ. ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು, ಅವರು ನಿಜವಾಗಿ ಅತ್ತರೆ ದೋಷ ಹೋಗುತ್ತದೆ, ಹಿಂದೆಯೇ ನಿಜ ತಿಳಿಸಬೇಕು. ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ತಮ್ಮ ಸಾವಿನ ಸುದ್ದಿಯನ್ನು ತಾತನೇ ದುಂಡಗೆ ಬರೆದರು. ಸಾವಿನ ಕಾಗದ ಅಂದಮೇಲೆ ಇರಬೇಕು ಅಂತ "ಕೂಡಲೇ ಹೊರಟು ಬರುವುದು" ಸೇರಿಸಿದವರೂ ಅವರೇ. ಇನ್ನೊಂದು ಕಾರ್ಡಿನಲ್ಲಿ "ನಾನು ಚೆನ್ನಾಗಿದ್ದೇನೆ, ಯಾರೂ ಅಳಬೇಡಿ" ಅಂತ ಬರೆದರು. ಮೊದಲನೆಯದನ್ನು ಅಂಚೆ ಡಬ್ಬಿಗೆ ಹಾಕಿದರು. ಎರಡನೆಯದು ನಾಳೆ ಹಾಕೋಣ ಅಂತ ಜೇಬಿಗೆ ಹೋಯಿತು, ಅಲ್ಲೇ ಮರೆತೂ ಹೋಯಿತು.

ನಾಲ್ಕನೇ ದಿನ ಅಜ್ಜಿಯ ಅಣ್ಣ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಊರ ಬಾಗಿಲಿನಿಂದಲೇ ಅಳುತ್ತಾ ಬಂದರು. ತಾತ ಜಗಲಿ ಮೇಲಿಂದ ನೋಡಿದರು. ಅಯ್ಯೋ, ಇವರ ಮನೇಲಿ ಯಾರೋ ಹೋಗಿಬಿಟ್ಟರಲ್ಲ ಅಂದುಕೊಂಡು ತಾವೂ ಓಡಿಹೋಗಿ ಭಾವಮೈದುನನನ್ನು ತಬ್ಬಿ ಅಳತೊಡಗಿದರು. "ಯಾರು ಹೋದ್ರು ಭಾವ?" ಅಂತ ಬೇರೆ ಕೇಳಿದರು. ಭಾವ ಕಣ್ಣೊರೆಸಿಕೊಂಡು ಮುಖ ನೋಡಿದರು. ಗಡಿಬಿಡಿಯಲ್ಲಿ ಹರಿಯದೆ ತಂದಿದ್ದ ಕಾರ್ಡನ್ನು ತೆಗೆದು ತಾತನ ಎದೆಗೆ ಎಸೆದರು. ಅವರ ಮಗಳು, ಲಂಗ ಉಟ್ಟ ಹುಡುಗಿ, ಒಬ್ಬಳೇ ಕಿಸಕ್ಕನೆ ನಕ್ಕಳು. ಆ ನಗು ನಮ್ಮ ಅಪ್ಪನ ಕಿವಿಗೆ ಬಿತ್ತು. ಕೆಲವು ವರ್ಷ ಕಳೆದ ಮೇಲೆ ಅವಳೇ ನಮ್ಮ ಅಮ್ಮ ಆದಳು.

ಸುಳ್ಳು ಸಾವು ತಾನೇ, ಮನೆಯಲ್ಲಿಟ್ಟರೆ ಏನೂ ಆಗಲ್ಲ ಅಂತ ಅಜ್ಜಿ ಕಾರ್ಡನ್ನು ತಂತಿಗೆ ಚುಚ್ಚಿದರು. ಜೇಬಿನಲ್ಲಿ ಉಳಿದಿದ್ದದ್ದೂ ಅದರ ಪಕ್ಕವೇ ಸೇರಿತು. ಅಂದಿನಿಂದ ತಾತ ದನಿ ಏರಿಸಿದಾಗಲೆಲ್ಲ ಅಜ್ಜಿ ಸುಮ್ಮನೆ ತೊಲೆಯ ಕಡೆ ನೋಡುತ್ತಿದ್ದರಂತೆ, ತಾತ ಗಪ್‌ಚುಪ್.

ಕಥೆ ಮುಗಿದರೂ ನನ್ನ ಬಿಕ್ಕು ನಿಂತಿರಲಿಲ್ಲ. ತಾತ ನನ್ನನ್ನು ತೊಡೆ ಮೇಲೆ ಎಳೆದುಕೊಂಡು ಬೆಲ್ಲ ಬಾಯಿಗೆ ಇಟ್ಟರು. "ನೀನು ಅತ್ಯಲ್ಲ, ಇವತ್ತಿಗೆ ಕಾಗೆ ದೋಷ ಪೂರ್ತಿ ಹೋಯ್ತು ಬಿಡು," ಅಂದರು. ಆಗ ಅವರ ಪಾದ ನೋಡಿದೆ. ಸರಿಯಾಗಿಯೇ ಇದ್ದವು.

ಈಗ ಆ ಎರಡೂ ಕಾರ್ಡು ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ, ನನ್ನ ಹತ್ತಿರವೇ ಇವೆ. ಕಳೆದ ವಾರ ತಾರಸಿ ಮೇಲೆ ಒಂದು ಕಾಗೆ ನನ್ನ ಬೋಳುತಲೆಗೂ ಕುಕ್ಕಿತು. ಸುಳ್ಳು ಸುದ್ದಿ ಕಳಿಸೋಣವೆಂದರೆ, ನೆಲಮಂಗಲದಲ್ಲಿ ಕೂತು ನೀವು ಮೊಬೈಲಿನಲ್ಲಿ ಕೈಮುಗಿದ ಬೊಂಬೆ ಒತ್ತಿ ಆಟಕ್ಕೆ ಹೋಗುತ್ತೀರಿ. ಅಷ್ಟಕ್ಕೆಲ್ಲ ಕಾಗೆ ಒಪ್ಪುವುದಿಲ್ಲ. ತಪ್ಪು ಸುದ್ದಿ ಹೋದರೆ ಕ್ಷಣದಲ್ಲಿ ಅಳಿಸಿಯೂ ಬಿಡುತ್ತೀರಿ. ತಾತನಿಗೂ ಹಾಗೆ ಅಳಿಸಲು ಬಂದಿದ್ದರೆ ಅಮ್ಮ ಆ ದಿನ ಬಂದು ನಗುತ್ತಿರಲಿಲ್ಲ, ನಾನೂ ಇರುತ್ತಿರಲಿಲ್ಲ, ನೀವೂ ಇರುತ್ತಿರಲಿಲ್ಲ. ಅದಕ್ಕೇ ನಿಮಗೆ ಒಂದು ಕಾರ್ಡು ಬರೆದು, ಮರೆಯದೆ ಡಬ್ಬಿಗೂ ಹಾಕಿ ಬಂದಿದ್ದೇನೆ. ತಾತನ ಎರಡೂ ಕಾರ್ಡಿನಿಂದ ಒಂದೊಂದು ಸಾಲು ತೆಗೆದುಕೊಂಡಿದ್ದೇನೆ:

"ನಾನು ಚೆನ್ನಾಗಿದ್ದೇನೆ. ಕೂಡಲೇ ಹೊರಟು ಬರುವುದು."