ಅಕ್ಕಾರು ತಿಂದ ಕಾಳು

ಹೋದ ವಾರ ನಮ್ಮ ಓಣಿಯ ನೀರಿನ ಟಾಕಿ ತೊಳೆದರು. ಮರುದಿನ ನಳ ಬಿಟ್ಟಾಗ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ ಹೊಡೆಯುತ್ತಿತ್ತು. ಸೊಸೆ ಮೂಗು ಮುಚ್ಚಿಕೊಂಡು ಮೊದಲ ಎರಡು ಬಕೆಟ್ ನೀರನ್ನು ಗಟಾರಕ್ಕೆ ಚೆಲ್ಲಿದಳು. ನಾನು ಬೆಳಗಿನ ನಡಿಗೆಗೆ ಹೊರಟವನು ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟೆ. ಆ ವಾಸನೆಗೂ ಖಾನಾವಳಿಯ ಅಕ್ಕಾರಿಗೂ ನನ್ನ ತಲೆಯಲ್ಲಿ ಬಿಡಿಸಲಾಗದ ಗಂಟು ಬಿದ್ದಿದೆ...

ಇಪ್ಪತ್ತೆರಡು ವರ್ಷ ಸೈನ್ಯದ ಅಡುಗೆ ಉಗ್ರಾಣದಲ್ಲಿ ದುಡಿದು ನಾನು ವಿಜಯಪುರಕ್ಕೆ ಮರಳಿದೆ. ಬಂದ ಆರು ತಿಂಗಳಲ್ಲಿ ಒಂದು ಖಾನಾವಳಿಯಲ್ಲಿ ಉಗ್ರಾಣ ಮತ್ತು ಸ್ವಚ್ಛತೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆ ಖಾನಾವಳಿಗೆ ಮೂರು ಶಾಖೆಗಳಿದ್ದವು: ಒಂದು ಊರಲ್ಲಿ, ಒಂದು ಟಿಕೋಟಾದಲ್ಲಿ, ಇನ್ನೊಂದು ಬಬಲೇಶ್ವರದಲ್ಲಿ. ರೊಟ್ಟಿಯನ್ನು ಆಯಾ ಊರಲ್ಲೇ ಬಿಸಿಬಿಸಿ ಬಡಿಯುತ್ತಿದ್ದರು. ಪಲ್ಯ, ಎಣಗಾಯಿ, ಮೊಸರು, ಮೊಳಕೆ ಬಂದ ಮಡಿಕೆ ಕಾಳು ಇವೆಲ್ಲ ವಿಜಯಪುರದ ಅಡುಗೆಮನೆಯಲ್ಲೇ ತಯಾರಾಗಿ ಬೆಳಿಗ್ಗೆ ಒಂಬತ್ತಕ್ಕೆ ಒಂದು ಸಣ್ಣ ಗಾಡಿಯಲ್ಲಿ ಮೊದಲು ಟಿಕೋಟಾಕ್ಕೆ, ಅಲ್ಲಿಂದ ಬಬಲೇಶ್ವರಕ್ಕೆ ಹೋಗುತ್ತಿದ್ದವು.

ಆ ಅಡುಗೆಮನೆಯ ಮುಖ್ಯಸ್ಥೆಯೇ ಅಕ್ಕಾರು. ನಿಡೋಣಿಯವರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ಮಾಲೀಕರಿಂದ ಹಿಡಿದು ನನ್ನವರೆಗೆ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದೆವು. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಗಾಡಿ ಹೊರಡುವ ಮುಂಚೆ ಒಲೆಯ ಮುಂದೆ ಎಲ್ಲರನ್ನೂ ಕೂಡಿಸಿ, ಪ್ರತಿ ಪಾತ್ರೆಯಿಂದ ಒಂದೊಂದು ತುತ್ತು ಕೈಗೆ ಹಾಕುತ್ತಿದ್ದರು. ಗಿರಾಕಿಗಿಂತ ಮೊದಲು ಮಾಡಿದವರು ತಿನ್ನಬೇಕು ಎಂಬುದು ಅವರ ಕಟ್ಟಳೆ. ಉಪ್ಪು, ಖಾರ, ಹುಳಿ ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಹಸಿ ಕಾಳು ಮಾತ್ರ ಆ ತುತ್ತಿನಲ್ಲಿ ಬರುತ್ತಿರಲಿಲ್ಲ. ಉಳ್ಳಾಗಡ್ಡಿ, ಸೌತೆಕಾಯಿಯ ಹಾಗೆ ಅದೂ ಒಲೆ ಹತ್ತದ ಪದಾರ್ಥ, ಅದನ್ನು ಯಾರೂ ಅಡುಗೆ ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ದಿನವೂ ಅದನ್ನು ನೆನೆಹಾಕಿ, ಅರಿವೆಯಲ್ಲಿ ಕಟ್ಟಿ, ನೀರು ಚಿಮುಕಿಸುವವರಿಗೆ ತಿನ್ನುವ ಆಸೆಯೂ ಉಳಿದಿರಲಿಲ್ಲ.

ನನ್ನ ಕಟ್ಟಳೆ ಬೇರೆ. ಗೋಡೆಗೆ ಒಂದು ಹಾಳೆ ಅಂಟಿಸಿದ್ದೆ. ಯಾವ ವಾರ ಏನು ತೊಳೆಯಬೇಕು, ಎಷ್ಟು ಗಂಟೆಗೆ, ಎಲ್ಲ ಗೆರೆ ಎಳೆದು ಬರೆದಿದ್ದೆ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ನನ್ನನ್ನು ಕಂಡರೆ, "ಹವಾಲ್ದಾರ್ರು ಬಂದ್ರು ಬೇ, ಸೆರಗ ನೆಟ್ಟಗ ಮಾಡ್ಕೋರಿ, ಇಲ್ಲಾಂದ್ರ ಅದಕ್ಕೂ ಒಂದ ಗೆರಿ ಹಾಕ್ತಾರ" ಎಂದು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಬುಧವಾರ ಮಾಳಿಗೆಯ ಮೇಲಿನ ಟಾಕಿ ತೊಳೆಯಬೇಕು ಎಂದು ಆ ಹಾಳೆಯಲ್ಲಿತ್ತು. ಮೊದಲ ವರ್ಷಗಳಲ್ಲಿ ನಾನೇ ನಿಚ್ಚಣಿಕೆ ಹತ್ತಿ ನೋಡುತ್ತಿದ್ದೆ. ಮೊಣಕಾಲು ನೋವು ಶುರುವಾದ ಮೇಲೆ ಕೆಳಗಿನಿಂದಲೇ ಕೂಗಿ ಕೇಳುತ್ತಿದ್ದೆ. ಬರಬರುತ್ತಾ ಕೇಳುವುದನ್ನೂ ಬಿಟ್ಟೆ. ಬುಧವಾರ ಬಂತೆಂದರೆ ಕೈ ತಾನಾಗಿ ಗುರುತು ಹಾಕುತ್ತಿತ್ತು. ಟಾಕಿ ತೊಳೆಯುತ್ತಿದ್ದ ಆಳು ಊರಿಗೆ ಹೋಗಿ ಮೂರು ವಾರವಾಗಿದ್ದರೂ ಗುರುತು ಬೀಳುತ್ತಲೇ ಇತ್ತು.

ಅದು ಬೇಸಿಗೆ. ಒಂದು ಸೋಮವಾರ ಬೆಳಿಗ್ಗೆ ಬಬಲೇಶ್ವರದಿಂದ ಫೋನ್ ಬಂತು. ಹಿಂದಿನ ದಿನ ನಿಶ್ಚಯದ ಊಟ ಮಾಡಿದ್ದ ಒಂದೇ ಮನೆತನದ ಎಂಟು-ಹತ್ತು ಜನ ವಾಂತಿ-ಭೇದಿಯಾಗಿ ದವಾಖಾನೆ ಸೇರಿದ್ದರು. ಮಧ್ಯಾಹ್ನದ ಹೊತ್ತಿಗೆ ಟಿಕೋಟಾದಿಂದಲೂ ಅದೇ ಸುದ್ದಿ. ವಿಜಯಪುರದ ಶಾಖೆಯಲ್ಲಿ ಉಂಡವರು ಬಸ್ಸು ಹಿಡಿದು ಊರೂರಿಗೆ ಹೋಗುವವರು, ಅವರಿಗೇನಾಯಿತೋ ಯಾರಿಗೆ ಗೊತ್ತು... ಅಡುಗೆಮನೆಯವರು ಮಾತ್ರ ಎಲ್ಲರೂ ಚೆನ್ನಾಗಿದ್ದರು.

ಮಾಲೀಕರು ಪುಣೆಯಲ್ಲಿದ್ದರು. ಎಲ್ಲ ಬಿಸಿಲಿನ ದೋಷ ಎಂದು ಹೇಳಿ ಅಂಗಡಿ ನಡೆಸಿರಿ ಎಂದು ಫೋನಿನಲ್ಲಿ ಹೇಳಿದರು. ಅಕ್ಕಾರು ಅಷ್ಟೂ ಕೇಳಿದರು. ಆಮೇಲೆ ಮೆತ್ತಗೆ, "ಸಾವಕಾರ್ರ, ಮೂರೂ ಕಡೆ ಬೀಗ ಹಾಕಿಸೀನ್ರಿ. ನೀವು ಬಂದು ತಗೀತೀನಿ ಅಂದ್ರ ತಗೀರಿ. ನಾ ಒಲಿ ಹಚ್ಚಂಗಿಲ್ಲ" ಎಂದರು. ಫೋನ್ ಇಟ್ಟವರೇ, ಉಳಿದ ಅಡುಗೆಯಲ್ಲಿ ಅಧಿಕಾರಿಗಳ ಪರೀಕ್ಷೆಗೆ ಬೇಕಾದಷ್ಟು ತೆಗೆದಿಟ್ಟು ಮಿಕ್ಕಿದ್ದನ್ನು ಹುಗಿಸಿದರು.

ಮರುದಿನ ಬೆಳಿಗ್ಗೆ ಮೂರೂ ಶಾಖೆಯವರನ್ನು ಒಲೆಯ ಮುಂದೆ ಕೂಡಿಸಿದರು. ಆ ಹೊತ್ತಿಗೆ ಟಿಕೋಟಾದವರು ಬಬಲೇಶ್ವರದವರನ್ನು, ಬಬಲೇಶ್ವರದವರು ಟಿಕೋಟಾದವರನ್ನು ಬೈದು ಮುಗಿಸಿದ್ದರು. ಅಕ್ಕಾರು ಹೇಳಿದ್ದು ಇಷ್ಟು: "ಒಬ್ಬರ ಮಾತು ಒಬ್ಬರು ಹೇಳಬ್ಯಾಡ್ರಿ. ಮಾಡಬೇಕಾದ್ದೂ ಹೇಳಬ್ಯಾಡ್ರಿ. ಶನಿವಾರ, ರವಿವಾರ ನಿಮ್ಮ ಕೈಲೆ ಏನ್ ಮಾಡೀರಿ, ಅದನ್ನಷ್ಟ ಹೇಳ್ರಿ. ಮೊದಲ ನಾ ಹೇಳ್ತೀನಿ. ಕಾಳು ಕಟ್ಟೂ ಅರಿವಿ ದಿನಾ ಕುದಿಸಬೇಕು. ಶನಿವಾರ ಗ್ಯಾಸ್ ತೀರಿತ್ತು. ಬರೇ ಬಿಸಲಿಗಿ ಒಣಗಿಸಿ ಕಟ್ಟೀನಿ."

ಮುಖ್ಯಸ್ಥೆಯೇ ಹಾಗೆ ಹೇಳಿದ ಮೇಲೆ ಉಳಿದವರ ಬಾಯಿ ಬಿಚ್ಚಿತು. ಒಬ್ಬಾಕೆ ಕೈ ತೊಳೆದು ಸೆರಗಿಗೆ ಒರೆಸಿಕೊಂಡದ್ದು ಹೇಳಿದಳು. ಬಬಲೇಶ್ವರದ ಅಡುಗೆಯವನು ಮೊಸರಿನ ಪಾತ್ರೆಗೆ ಮುಚ್ಚಳ ಸಿಗದೆ ತಟ್ಟೆ ಮುಚ್ಚಿದ್ದು ಹೇಳಿದ. ಹದಿನಾಲ್ಕು ವರ್ಷದಿಂದ ಗಾಡಿ ಓಡಿಸುತ್ತಿದ್ದ ಚಾಚಾ ಎದ್ದು ನಿಂತು, "ರವಿವಾರ ಇಟ್ಟಂಗಿಹಾಳದ ಹತ್ರ ಗಾಡಿ ನಿಂದ್ರಿಸಿದ್ದೆ. ಪರಿಚಯದವರ ಗಾಡಿ ಕೆಟ್ಟಿತ್ತು, ನೂಕಿ ಕೊಟ್ಟೆ. ತಾಸ ಹೊತ್ತು ಪಾತ್ರೆ ಬಿಸಲಾಗ ಇದ್ದೂ" ಎಂದು ಕೂತರು.

ನನ್ನ ಸರದಿ ಬಂತು. ನಾನು ಗೋಡೆಯ ಹಾಳೆ ಕಿತ್ತು ತಂದು ಓದತೊಡಗಿದೆ.

"ಓದಬ್ಯಾಡ್ರಿ ಹವಾಲ್ದಾರ್ರ," ಎಂದರು ಅಕ್ಕಾರು, "ಹೇಳ್ರಿ."

"ಬರದದ್ದ ಆಗೇತ್ರಿ," ಎಂದೆ.

ಎರಡೇ ಮಾತು. ಅವು ಸುಳ್ಳೆಂದು ಹೇಳುವಾಗಲೇ ಗೊತ್ತಿತ್ತೋ, ಗುರುತು ಹಾಕಿ ಹಾಕಿ ನಾನೂ ಅದನ್ನು ನಂಬಿದ್ದೆನೋ... ಇಷ್ಟು ವರ್ಷವಾದರೂ ಖಚಿತವಾಗಿ ಹೇಳಲಾರೆ. ಟಾಕಿ ಬುಧವಾರ ತೊಳೆದಿದೆ ಎಂದು ಹಾಳೆಯಲ್ಲಿತ್ತು, ಹಾಗಾಗಿ ಮಾಳಿಗೆಯ ಮೇಲೆ ಯಾರೂ ಹತ್ತಲಿಲ್ಲ. ಎಲ್ಲರ ಲೆಕ್ಕದಲ್ಲೂ ತಪ್ಪು ಚಾಚಾನ ಗಾಡಿಗೆ ಬಂದು ನಿಂತಿತು. ಎರಡೂ ಊರಿಗೆ ಹೋದದ್ದು ಅದೇ ಗಾಡಿ ತಾನೇ. ಗಾಡಿ ಬೇರೆಯವರಿಗೆ ಕೊಡಿ ಎಂದು ಮಾಲೀಕರಿಂದ ಅಪ್ಪಣೆ ಬಂತು. ಟಿಕೋಟಾದ ಪೇಟೆಯಲ್ಲಿ ಜನ ಚಾಚಾನತ್ತ ಬೆರಳು ತೋರಿಸಿ ಮಾತಾಡುತ್ತಿದ್ದರಂತೆ. ಚಾಚಾ ಕೀಲಿಯನ್ನು ನನ್ನ ಮೇಜಿನ ಮೇಲೆ ಇಟ್ಟು, ಗಾಡಿಯ ಮುಂದಿನ ಗಾಜು ಒರೆಸಿ ಮನೆಗೆ ಹೋದರು. ನಾನು ಕೀಲಿಯನ್ನು ಡ್ರಾಯರಿನಲ್ಲಿ ಹಾಕಿದೆ.

ಅಕ್ಕಾರಿಗೆ ಮಾತ್ರ ಅದು ಒಪ್ಪಿತವಾಗಲಿಲ್ಲ. ಅಡುಗೆಮನೆಯನ್ನು ಗೋಡೆಯ ತನಕ ತಿಕ್ಕಿಸಿದರು. ಯಾವ ನೀರಿನಿಂದ ತಿಕ್ಕುತ್ತಿದ್ದೇವೆ ಎಂದು ನಾನು ಆಗಲೂ ಬಾಯಿ ಬಿಡಲಿಲ್ಲ. ಬುಧವಾರ ಮೊದಲಿನಂತೆ ಅಡುಗೆ ಮಾಡಿಸಿದರು, ಹಿಂದಿನ ದಿನವೇ ನೆನೆಹಾಕಿಸಿದ್ದ ಕಾಳನ್ನೂ ತೆಗೆಸಿದರು. ತಿನ್ನುವ ಹೊತ್ತಿಗೆ ಉಳಿದವರು ಕೈ ಚಾಚಿದರೆ ಕೊಡಲಿಲ್ಲ. ಎಲ್ಲವನ್ನೂ ತಾವೊಬ್ಬರೇ ತಿಂದರು. ಹಸಿ ಕಾಳನ್ನೂ ಬಿಡಲಿಲ್ಲ, ಒಂದು ಬಟ್ಟಲು ತಿಂದರು.

"ಬರೇ ಬೆಂದದ್ದು ತಿಂದು ಧೈರ್ಯ ಮಾಡಿದ್ವಿ. ಇಷ್ಟ ವರ್ಷ ಇದನ್ನ ನಾವು ತಿನ್ನದ ಕಳಿಸೀವಿ" ಎಂದರು. "ಶುಕ್ರವಾರತನಾ ನಾ ನೆಟ್ಟಗಿದ್ರ ಗಾಡಿ ಬಿಡ್ರಿ. ಚಾಚಾನ ಕರೀರಿ, ಅವರ ಕೈಲೇ ಬಿಡ್ರಿ."

ರೊಟ್ಟಿಯಾಕೆ ಒಬ್ಬಳು, "ಅಕ್ಕಾರ, ನಿಮಗೇನರ ಆದ್ರ ನಮಗ ಬೈಯಾವರ್ಯಾರ್ರಿ?" ಎಂದಳು. ಅಕ್ಕಾರು ನಕ್ಕರು. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಆ ಬಟ್ಟಲು ಖಾಲಿಯಾಗುವ ತನಕ ನನಗೆ ಸಮಯವಿತ್ತು.

ಗುರುವಾರ ಮಧ್ಯಾಹ್ನ ಅವರನ್ನು ದವಾಖಾನೆಗೆ ಸೇರಿಸಿದರು. ಸುದ್ದಿ ಕೇಳಿದವನೇ ನಾನು ನಿಚ್ಚಣಿಕೆ ಹತ್ತಿದೆ. ಟಾಕಿಯ ಮುಚ್ಚಳ ಒಡೆದು ಅರ್ಧ ಒಳಗೆ ಬಿದ್ದಿತ್ತು. ನೀರಿನ ಮೇಲೆ ಪಾರಿವಾಳದ ಪುಕ್ಕ, ಗೋಡೆಯ ಒಳಮೈಗೆಲ್ಲ ಹಿಕ್ಕೆ, ತಳದಲ್ಲಿ ಹಸಿರು ಪಾಚಿ. ಪಲ್ಯಕ್ಕೆ ಹಾಕಿದ ನೀರು ಕುದಿಯುತ್ತಿತ್ತು. ಕುಡಿಯುವ ನೀರು ಬೇರೆ ಇತ್ತು. ಕಾಳಿಗೆ ಮಾತ್ರ ಈ ನೀರು ಹಾಗೆಯೇ ಬೀಳುತ್ತಿತ್ತು... ಮುಂದೆ ಪರೀಕ್ಷೆಯ ವರದಿಯಲ್ಲೂ ಅದೇ ಬಂತು.

ದವಾಖಾನೆಯಲ್ಲಿ ಅಕ್ಕಾರಿಗೆ ಸಲಾಯಿನ್ ಹಚ್ಚಿದ್ದರು. ಒಂದೇ ದಿನದಲ್ಲಿ ಮುಖ ಬತ್ತಿತ್ತು. ಮಂಚದ ಪಕ್ಕ ನಿಂತು ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿಯೇ ಕೇಳಿದರು.

"ನಿಮ್ಮ ಹಾಳ್ಯಾಗ ಮಾತ್ರ ಟಾಕಿ ಭಾಳ ಸ್ವಚ್ಛ ಇತ್ತು ಬಿಡ್ರಿ," ಎಂದರು. ಆಮೇಲೆ, "ನನ್ನ ಮುಂದ ಹೇಳಿ ಏನ್ ಉಪಯೋಗ? ಚಾಚಾನ ಮುಂದ ಹೇಳ್ರಿ. ಎಲ್ಲಾರೂ ಕುಂತಾಗ ಹೇಳ್ರಿ."

ಶುಕ್ರವಾರ ಅದೇ ಒಲೆಯ ಮುಂದೆ ನಿಂತು ಹೇಳಿದೆ. ಸೈನ್ಯದಲ್ಲಿ ಅಧಿಕಾರಿಗಳ ಮುಂದೆ ಎಷ್ಟೋ ಸಲ ವರದಿ ಒಪ್ಪಿಸಿದವನು ನಾನು. ಅಂದು ಕೈಯಲ್ಲಿ ಹಾಳೆ ಇರಲಿಲ್ಲ. ಚಾಚಾ ತಲೆ ಎತ್ತಲಿಲ್ಲ. "ಐದ ನಿಮಿಷ ತಡಾ ಆದ್ರ ಗಡಿಯಾರ ತೋರಸ್ತಿದ್ರಿ ನನಗ," ಎಂದರು, ಅಷ್ಟೇ. ಕೊನೆಗೆ ರೊಟ್ಟಿಯಾಕೆ ಎದ್ದು ಸೀರೆಯ ನೆರಿಗೆ ಸಿಕ್ಕಿಸಿಕೊಂಡಳು.

"ಈಗ ಅತ್ತರ ಟಾಕಿ ತೊಳೀತೈತೇನ್ರಿ? ಹತ್ತರಿ ಮ್ಯಾಲ. ಚಾಚಾ, ನೀವು ನಿಚ್ಚಣಿಕಿ ಹಿಡೀರಿ. ಬಿಟ್ಟಗಿಟ್ಟೀರಿ ಮತ್ತ."

ಚಾಚಾ ಹಿಡಿದರು. ನಾನು ಹತ್ತಿದೆ. ಹೆಣ್ಣುಮಕ್ಕಳು ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸಿದರು. ಮೂರು ಸಲ ತೊಳೆದು ಬ್ಲೀಚಿಂಗ್ ಪುಡಿ ಹಾಕಿದೆವು. ಅಂದು ನನ್ನ ಕೈಗೆ ಹತ್ತಿದ ಆ ವಾಸನೆ ವಾರವಾದರೂ ಹೋಗಲಿಲ್ಲ.

ಎರಡು ವಾರದ ನಂತರ ಅಕ್ಕಾರು ಮರಳಿ ಬಂದರು. ಗೋಡೆಯ ಹಾಳೆ ತೆಗೆಯಲಿಲ್ಲ. ಕೆಲಸ ಮಾಡಿದವರು ಒಂದು ಗುರುತು, ಕಣ್ಣಾರೆ ನೋಡಿದವರು ಇನ್ನೊಂದು ಗುರುತು ಹಾಕಬೇಕು ಎಂದರು. ಹಸಿ ಕಾಳಿನ ಬದಲು ಹಬೆಯಲ್ಲಿ ಬೇಯಿಸಿದ ಕಾಳು ಬಂತು. ಗಿರಾಕಿಗಳು ಗೊಣಗಿದರು. ನಿಶ್ಚಯದ ಊಟ ಮಾಡಿದ್ದವರ ಮನೆಗೆ ಅಕ್ಕಾರು ನಮ್ಮನ್ನೆಲ್ಲ ಚಾಚಾ ಓಡಿಸುತ್ತಿದ್ದ ಅದೇ ಗಾಡಿಯಲ್ಲಿ ಕರೆದೊಯ್ದರು. ಅಲ್ಲಿನ ಹಿರಿಯರು ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿ ಮನಸ್ಸಿಗೆ ಬಂದಷ್ಟು ಅಂದರು. ಅಕ್ಕಾರು ಪೂರ್ತಿ ಕೇಳಿಸಿಕೊಂಡೇ ಹೊರಟರು. ಆದರೂ ಬಬಲೇಶ್ವರದ ಶಾಖೆ ಉಳಿಯಲಿಲ್ಲ. ಜನ ಬರುವುದೇ ನಿಂತುಹೋಯಿತು. ಅಕ್ಕಾರ ಹೊಟ್ಟೆಯೂ ಪೂರ್ತಿ ಸುಧಾರಿಸಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಕೆಲಸ ಬಿಟ್ಟು ನಿಡೋಣಿಗೆ, ತಮ್ಮನ ಮನೆಗೆ ಹೋದರು. ನಾನೂ ಮರುವರ್ಷ ಕೆಲಸ ಬಿಟ್ಟೆ.

ಹೋದ ತಿಂಗಳು ಚಾಚಾನ ಫೋನ್ ಬಂತು. ಅಕ್ಕಾರು ಹೋಗಿಬಿಟ್ಟಿದ್ದರು. ಮೂರನೆಯ ದಿನ ಇಬ್ಬರೂ ಚಾಚಾನ ಸ್ವಂತ ಗಾಡಿಯಲ್ಲಿ ನಿಡೋಣಿಗೆ ಹೋದೆವು. ಖಾನಾವಳಿಯಲ್ಲಿ ಕೆಲಸ ಮಾಡುತ್ತಿದ್ದವರು ಎಂದಷ್ಟೇ ಹೇಳಿಕೊಂಡು ಚಾಪೆಯ ಮೇಲೆ ಕೂತೆವು. ಅಕ್ಕಾರ ತಮ್ಮ ನೀರು ತಂದುಕೊಟ್ಟು ಎದುರಿಗೆ ಕೂತರು.

"ಆ ಕಾಳು ತಿಂದಾಗಿಂದ ನಮ್ಮಕ್ಕ ನೆಟ್ಟಗ ಆಗಲೇ ಇಲ್ರಿ," ಎಂದರು. "ಯಾವನೋ ಡ್ರೈವರ್ ಬಿಸಲಾಗ ಗಾಡಿ ನಿಂದ್ರಿಸಿ ಅಡಗಿ ಕೆಡಿಸಿದ್ನಂತ. ಇಲ್ಲಿ ಎಲ್ಲಾರೂ ಹಂಗ ಅಂತಾರ."

ಚಾಚಾ ಚಾಪೆಯ ಅಂಚನ್ನು ನೋಡುತ್ತಾ ಕೂತಿದ್ದರು. ಆ ಡ್ರೈವರ್ ತಾವೇ ಎಂದು ಹೇಳಲಿಲ್ಲ, ನನ್ನ ಕಡೆಗೂ ತಿರುಗಲಿಲ್ಲ.

"ಡ್ರೈವರ್ ತಪ್ಪಲ್ರಿ ಅದು," ಎಂದೆ. "ಟಾಕಿ ನೀರು ಹೊಲಸಾಗಿತ್ತು. ನೋಡದ ನೋಡೀನಿ ಅಂತ ಬರದಾವ ನಾನು. ಇವರು ಆ ಡ್ರೈವರ್."

ಅಕ್ಕಾರ ತಮ್ಮ ಬೈಯುತ್ತಾರೆ ಎಂದುಕೊಂಡೆ.

"ಅಕ್ಕ ನಮಗ ಯಾರ ಮಾತೂ ಹೇಳಿರಲಿಲ್ಲ," ಎಂದರು. "ಯಾರ್ ಮಾಡಿದ್ರವಾ ಅಂತ ಕೇಳಿದಾಗೆಲ್ಲ, ನನ್ನ ಅಡಗಿಮನಿ ಅದು, ನಾನ ನೋಡಬೇಕಾಗಿತ್ತು ಅಂತಿದ್ಲು."

ಆಮೇಲೆ ಅವರು ಚಾಚಾನ ಕೈ ಹಿಡಿದುಕೊಂಡು ಏನೋ ಹೇಳಿದರು. ನನಗೆ ಸರಿಯಾಗಿ ಕೇಳಿಸಲಿಲ್ಲ...

ಈಗಲೂ ನಾನು ಐದಕ್ಕೆ ಏಳುತ್ತೇನೆ, ಒಂಬತ್ತಕ್ಕೆ ಮಲಗುತ್ತೇನೆ. ನಡುವೆ ಮಾಡುವಂಥದ್ದು ಏನೂ ಉಳಿದಿಲ್ಲ. ಅಕ್ಕಾರು ಇದ್ದಾಗಲೇ ಆ ಮನೆಗೆ ಹೋಗಿ, ಅವರ ಎದುರಿಗೇ, ಅವರ ತಮ್ಮನಿಗೆ ತಪ್ಪು ನನ್ನದು ಎಂಬ ಎರಡು ಮಾತು ಹೇಳಿ ಬರಬಹುದಿತ್ತು. ಹೋಗಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ವರ್ಷಗಳು ಇದ್ದವು. ಬಸ್ಸುಗಳೂ ಇದ್ದವು.