ಸೌಮ್ಯಕ್ಕನ ರಿಸೀವರಿನಲ್ಲಿ ನನ್ನ ಬೇಲಿ

ಹೋದ ವರ್ಷ ನಾನು ಗುಂಡ್ಲುಪೇಟೆ ಕಡೆ ಸೋಲಾರ್ ಬೇಲಿ ರಿಪೇರಿ ಮಾಡುತ್ತಿದ್ದೆ. ಈಗಲೂ ಅದೇ ಕೆಲಸ. ಆನೆ, ಹಂದಿ ಹೊಲಕ್ಕೆ ನುಗ್ಗದ ಹಾಗೆ ಕಟ್ಟುವ ತಂತಿ ಅದು. ಝಟ್ಕಾ ಮಿಷನ್ ಸೆಕೆಂಡಿಗೊಂದು ಸಲ ಅದಕ್ಕೆ ಕರೆಂಟ್ ಬಿಡುತ್ತದೆ. ನಾನು ಓದಿದ್ದು ಏಳನೇ ಕ್ಲಾಸು.

ಅಲ್ಲೇ ಕಾಡಂಚಿನ ಮದ್ದೂರಿನ ಹತ್ತಿರ ಮಾದಪ್ಪಣ್ಣನ ಹೊಲದ ಶೆಡ್ಡಿನಲ್ಲಿ ಚಾಮರಾಜನಗರದ ಸೌಮ್ಯಕ್ಕ ರೇಡಿಯೊ ಅಲೆ ಹಿಡಿಯುವ ಒಂದು ರಿಸೀವರ್ ಇಟ್ಟಿದ್ದರು. ಅವರು ಪೋಸ್ಟ್‌ಡಾಕ್. ಅಂದರೆ ಪಿಎಚ್.ಡಿ. ಮುಗಿಸಿ ಗುತ್ತಿಗೆ ಮೇಲೆ ಸಂಶೋಧನೆ ಮಾಡುವವರು. ಭೂಮಿಯ ಸುತ್ತ ಬಹಳ ಮೇಲೆ ಪ್ಲಾಸ್ಮಾ ಇದೆಯಂತೆ, ಕರೆಂಟ್ ತುಂಬಿದ ಕಣಗಳ ತೆಳು ಗಾಳಿ. ಅದರಲ್ಲಿ ಏಳುವ ರೇಡಿಯೊ ಅಲೆ ಸೆಕೆಂಡಿಗೊಂದರ ಹಾಗೆ ಬಿಟ್ಟುಬಿಟ್ಟು ಬರಬೇಕು ಅಂತ ಅಕ್ಕ ಪೇಪರಿನ ಮೇಲೆ ಲೆಕ್ಕ ಹಾಕಿದ್ದರು. ಪೇಟೆಯಲ್ಲಿ ಕರೆಂಟಿನ ಗದ್ದಲ ಅಂತ ಕಾಡಂಚಿಗೆ ಬಂದಿದ್ದರು. ಮೊದಲ ದಿನವೇ ಬೇಲಿ ಆನ್ ಮಾಡಿಸಿ ನೋಡಿದ್ದರು, ರಿಸೀವರಿನಲ್ಲಿ ಏನೂ ಕೇಳಿರಲಿಲ್ಲ. ಗುತ್ತಿಗೆ ಮುಗಿಯಲು ಎರಡೇ ತಿಂಗಳಿತ್ತು. ಆ ಅಲೆ ಸಿಕ್ಕರೆ ಮಾತ್ರ ಮುಂದಿನ ಕೆಲಸ.

ಒಂದು ಬೆಳಿಗ್ಗೆ ಶೆಡ್ಡಿಗೆ ಹೋದಾಗ ಅಕ್ಕ ಕುಣಿಯುವುದೊಂದು ಬಾಕಿ.

"ಸಿವು, ಬಂದ್ಬುಡ್ತು ಕಣೋ! ಕೇಳಿಲ್ಲಿ."

ಸ್ಪೀಕರ್ ಹಾಕಿದರು. ಟಕ್. ಟಕ್. ಟಕ್.

"ಇದೇನವ್ವಾ, ಆಕಾಸ್ದಲ್ಲೂ ಹಲ್ಲಿ ಅದಾವಾ?" ಅಂದ ಮಾದಪ್ಪಣ್ಣ. ಅಕ್ಕ ನಕ್ಕರು. ಸಂಜೆ ತಮ್ಮ ಸಂಶೋಧನೆಯ ಗೈಡ್‌ಗೆ ರಿಪೋರ್ಟ್ ಕಳಿಸುತ್ತೇನೆ ಅಂದರು.

ನನಗೆ ನಗು ಬರಲಿಲ್ಲ. "ಯಾವತ್ತಿಂದ ಬತ್ತಾ ಅದೆ ಅಕ್ಕ?"

"ಹೋದ ಸೋಮ್ವಾರದಿಂದ."

ಆ ಸೋಮವಾರವೇ ನಾನು ಮೂಲೆ ಕಂಬದಲ್ಲಿ ಕೆಲಸ ಮಾಡಿದ್ದೆ. ತಂತಿಯನ್ನು ಕಂಬಕ್ಕೆ ತಾಗದಂತೆ ಹಿಡಿಯುವ ಇನ್ಸುಲೇಟರ್ ಒಡೆದಿತ್ತು. ಚೀಲದಲ್ಲಿ ಹೊಸದು ಇರಲಿಲ್ಲ. ಸದ್ಯಕ್ಕೆ ಇರಲಿ ಅಂತ ಸೈಕಲ್ ಟ್ಯೂಬ್ ಸುತ್ತಿ ಬಂದಿದ್ದೆ. ಅದು ಇಬ್ಬನಿಗೆ ನೆಂದರೆ ಕರೆಂಟ್ ಕಂಬಕ್ಕೆ ಹಾರಿ ಕಿಡಿ ಬರುತ್ತದೆ. ಕಿಡಿ ಹಾರಿದರೆ ಪಕ್ಕದ ರೇಡಿಯೊ ಟಕ್ ಅನ್ನುತ್ತದೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕನ ಕೆಲಸ ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು.

"ಅಕ್ಕ, ಅದು ಆಕಾಸದ್ದಲ್ಲ. ನನ್ ಬೇಲಿದು."

"ಬೇಲಿ ನೋಡಿದೀನಲ್ಲೋ, ಸದ್ದೇ ಇರ್ಲಿಲ್ಲ."

"ಆಮ್ಯಾಕೆ ನಾನೇ ಕೆಡಿಸ್ಬುಟ್ಟೆ."

ಟ್ಯೂಬಿನ ಕತೆ ಹೇಳಿದೆ. ಮಾದಪ್ಪಣ್ಣ ಎಗರಿ ಬಿದ್ದ. "ಟ್ಯೂಬ್ ಕಟ್ಟಿದ್ಯೇನ್ಲಾ? ಆನೆ ಬಂದಿದ್ರೆ ನಿಮ್ಮಪ್ಪ ಓಡುಸ್ತಿದ್ನಾ?"

ಮಿಷನ್ ಇದ್ದದ್ದು ಹೊಲದ ಆ ತುದಿಯ ಪಂಪ್‌ಹೌಸಿನಲ್ಲಿ. ಅಲ್ಲಿಗೆ ಹೋಗಿ ಆಫ್ ಮಾಡಿ ಅಕ್ಕನಿಗೆ ಫೋನ್ ಮಾಡಿದೆ.

"ನಿಂತೋಯ್ತಾ ಅಕ್ಕ?"

"ಹ್ಞೂ. ಆನ್ ಮಾಡು. ಮತ್ತೆ ಆಫ್ ಮಾಡು."

ಮೂರು ಸಲ ಮಾಡಿಸಿದರು. ನಾನು ವಾಪಸ್ ಬಂದಾಗ ಅಕ್ಕ ಗೈಡ್ ಜೊತೆ ಮಾತಾಡುತ್ತಿದ್ದರು. "ಇಲ್ಲ ಸರ್, ಕಳಿಸಲ್ಲ. ಅದು ಆನೆ ಬೇಲಿ ಸರ್." ದನಿ ಗಟ್ಟಿಯಾಗಿಯೇ ಇತ್ತು. ಫೋನ್ ಇಟ್ಟ ಮೇಲೆ ಈರುಳ್ಳಿ ಮೂಟೆ ಮೇಲೆ ಕೂತುಬಿಟ್ಟರು.

ನಾನು ಗುಂಡ್ಲುಪೇಟೆಗೆ ಹೋಗಿ ಇನ್ಸುಲೇಟರ್ ತಂದು ಹಾಕಿದೆ. ಟಕ್ ಸದ್ದು ನಿಂತಿತು. ಆಮೇಲೆ ಅಕ್ಕ ಉಳಿದ ದಿನವೆಲ್ಲ ಕಾದರು. ಅಲೆ ಬರಲಿಲ್ಲ, ಗುತ್ತಿಗೆ ಮುಗಿಯಿತು. ಹೊರಡುವ ದಿನ ರಿಸೀವರನ್ನು ಬಸ್ ಸ್ಟಾಪಿಗೆ ನಾನೇ ಹೊತ್ತೆ.

"ನನ್ ಲೆಕ್ಕ ತಪ್ಪು ಅಂತ ಇದ್ರಿಂದ ಆಗಲ್ಲ ಕಣೋ. ಸರಿ ಅಂತಾನೂ ಆಗಲ್ಲ," ಅಂದರು. ಈಗ ಚಾಮರಾಜನಗರದಲ್ಲಿ ಪಾಠ ಹೇಳುತ್ತಾ ಬೇರೆ ಕಡೆ ಅರ್ಜಿ ಹಾಕುತ್ತಿದ್ದಾರೆ.

ಸದ್ಯಕ್ಕೆ ಇರಲಿ ಅಂತ ಮಾಡಿದ ಕೆಲಸ ಯಾರಿಗೆ ಹೋಗಿ ತಗಲುತ್ತದೋ ಮಾಡಿದವನಿಗೆ ಗೊತ್ತಾಗುವುದಿಲ್ಲ. ನನಗೆ ಈ ಕೆಲಸ ಕಲಿಸಿದ್ದು ಅಷ್ಟೆ. ಅಕ್ಕ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.