ಪಡಸಾಲೆಯಲ್ಲಿ ಬೆಳೆದ ಮೆಣಸಿನ ಅಗಿ

ನಾನು ಮದುವೆಯಾಗಿ ಮಿಶ್ರಿಕೋಟಿ ಬಾಜುವಿನ ಹಳ್ಳಿಗೆ ಬಂದ ವರ್ಷವೇ ನಮ್ಮ ಮನೆಯವರು ಮನೆಯ ಮೇಲಿಂದ ಬಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳು. ಮಳೆ ಹಿಡಿಯುವುದರೊಳಗೆ ಒಡೆದ ಹಂಚು ತೆಗೆದು ಬೇರೆ ಹೊದಿಸಬೇಕೆಂದು ಹತ್ತಿದ್ದರು, ಹುಳ ತಿಂದಿದ್ದ ಬಿದಿರಿನ ಗಳ ಲಟಕ್ಕನೆ ಮುರಿಯಿತು. ಹುಬ್ಬಳ್ಳಿಗೆ ಒಯ್ದು, ತೊಡೆಯಿಂದ ಪಾದದತನಕ ಪ್ಲಾಸ್ಟರ್ ಹಾಕಿಸಿಕೊಂಡು ಬಂದೆವು. ಡಾಕ್ಟರು ಹೇಳುವತನಕ ಆ ಕಾಲು ನೆಲಕ್ಕೆ ಊರುವ ಹಾಗಿರಲಿಲ್ಲ.

ಪಡಸಾಲೆಯಲ್ಲಿ ಹೊರಸು ಹಾಕಿ ಮಲಗಿಸಿದೆವು. ಅಲ್ಲಿಯತನಕ ನಾನು ಅವರ ಮುಖವನ್ನು ಹಗಲಿನಲ್ಲಿ ಸರಿಯಾಗಿ ನೋಡಿಯೇ ಇರಲಿಲ್ಲ. ನಸುಕಿನಲ್ಲಿ ರೊಟ್ಟಿ ಕಟ್ಟಿಸಿಕೊಂಡು ಹೊಲಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅತ್ತೆಯ ಎದುರು ನಾವು ಮಾತಾಡುತ್ತಿರಲಿಲ್ಲ. ಅತ್ತೆ ಇಲ್ಲದಾಗ ಏನು ಮಾತಾಡಬೇಕೆಂಬುದೇ ಇಬ್ಬರಿಗೂ ತಿಳಿಯುತ್ತಿರಲಿಲ್ಲ. ನನ್ನಪ್ಪ ನವಲಗುಂದದಲ್ಲಿ ಟೇಲರು. ಹೊಲಿಗೆಯ ಮಷೀನಿನ ಸಪ್ಪಳ ಕೇಳಿ ಬೆಳೆದವಳು ನಾನು. ಹೊಲದ ಮಾತು ನನಗೆ ಬರದು, ಬೇರೆ ಮಾತು ಅವರಿಗೆ ಬರದು.

ಬಿತ್ತಿಗೆಗೆ ಕಾಯುವ ಮಿರಗದ ಮಳೆ ಸುರುವಾಯಿತು. ಅವರು ಮಲಗಿದಲ್ಲಿಂದಲೇ ಬಾಗಿಲಾಚೆ ನೋಡುತ್ತಿದ್ದರು. ಓಣಿಯಲ್ಲಿ ಎತ್ತಿನ ಗೆಜ್ಜೆ ಕೇಳಿದರೆ ಯಾರ ಎತ್ತು, ಯಾವ ಹೊಲಕ್ಕೆ ಹೊರಟವು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಬಿತ್ತಿಗೆಯನ್ನು ಅತ್ತೆ ಆಳು ಹಚ್ಚಿ ಮಾಡಿಸುತ್ತಿದ್ದರು.

"ಈ ವರ್ಷ ಮೆಣಸಿನಕಾಯಿ ಬ್ಯಾಡ ಬಿಡು," ಅಂದರು ಅತ್ತೆ. "ಹೊಲದಾಗ ಅಗಿ ಹಾಕಿದ್ರ ಆ ಎಳೀ ಸಸಿ ಆಡಿನ ಬಾಯಿಂದ ಕಾಯವರ ಯಾರು?"

"ಮನಿಯಾಗ ಹಾಕೂಣು," ಅಂದರು ಇವರು. "ನಾ ಇಲ್ಲೇ ಬಿದ್ದೀನೆಲ್ಲ, ಕಾಯ್ತೀನಿ."

ಹೊಲದ ಒಂದು ಪಟ್ಟಿಗೆ ಸಾಲುವಷ್ಟು ಸಾಕು ಎಂದು ಚಿಮಣಿ ಎಣ್ಣೆಯ ಹಳೇ ಡಬ್ಬಿಗಳನ್ನು ಅಡ್ಡಡ್ಡ ಕತ್ತರಿಸಿ, ಮಣ್ಣು ತುಂಬಿ, ಬೀಜ ಚೆಲ್ಲಿದೆ. ಎಲ್ಲಾ ಅವರು ಹೇಳಿದ ಹಾಗೆ. ಬೀಜ ಮೊಳೆತವು. ಪ್ರತಿಯೊಂದಕ್ಕೂ ಎರಡೆರಡು ಎಲೆ ಬಂದಾಗ ನನಗಾದ ಖುಷಿಯನ್ನು ಯಾರಿಗೆ ಹೇಳಲಿ ಎಂದು ಅತ್ತಿತ್ತ ನೋಡಿದರೆ, ಅವರು ನನ್ನನ್ನೇ ನೋಡುತ್ತಿದ್ದರು.

ಆಮೇಲೆ ಸಸಿಗಳು ಅಲ್ಲಿಗೇ ನಿಂತವು. ಮೂರನೆಯ ಎಲೆ ಬರಲೊಲ್ಲದು. ದಂಟು ದಾರದಷ್ಟು ಸಣ್ಣಾಗಿ, ಬಣ್ಣ ಬಿಳಿಚಿಕೊಂಡು, ಎಲ್ಲಾ ಬಾಗಿಲಿನ ಕಡೆಗೇ ವಾಲಿದವು.

"ನೀರ ಎಷ್ಟ ಹಾಕ್ತಿ?" ಅಂತ ಕೇಳಿದರು.

"ಮುಂಜಾನಿ ಒಂದ ತಂಬಿಗಿ, ಸಂಜಿಗೆ ಒಂದ್ರಿ."

"ಮಣ್ಣಾಗ ಬಟ್ಟ ಹಾಕಿ ನೋಡು."

ಬೆರಳು ಹಾಕಿದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರು, ಹುಳಿ ನಾತ. ಡಬ್ಬಿಯ ತಳಕ್ಕೆ ತೂತು ಮಾಡಿಸುವುದನ್ನೇ ಅವರು ಮರೆತಿದ್ದರು, ನನಗೆ ಅದು ಗೊತ್ತಿರಲಿಲ್ಲ. ಮೊಳೆ ಬಡಿದು ತೂತು ಮಾಡಿ ನೀರು ಇಳಿಸಿದೆ. ಬುಡ ಕೊಳೆತು ಬಿದ್ದವುಗಳನ್ನು ಕಿತ್ತು ಒಗೆದೆ. ಮಣ್ಣು ಒಣಗುವತನಕ ನೀರು ಬ್ಯಾಡ ಅಂದರು. ಸಸಿ ಸಾಯುವುದು ನಿಂತಿತು, ಆದರೆ ಬೆಳೆಯಲಿಲ್ಲ.

ಥಂಡಿ ಆಗಿರಬೇಕು ಎಂದು ಅತ್ತೆ ಡಬ್ಬಿಗಳನ್ನು ಒಲೆಯ ಹತ್ತಿರ ಇಡಿಸಿದರು. ಹೊಗೆಗೆ ಎಲೆಯ ಅಂಚು ಮುರುಟಿದವು, ತಿರುಗಿ ಪಡಸಾಲೆಗೆ ತಂದೆ. ಆ ದಿನ ನನಗೆ ಯಾಕೋ ಭಾಳ ಅಳು ಬಂತು. ತವರಿನಿಂದ ಯಾರೂ ಬಂದಿರಲಿಲ್ಲ, ಮಳೆ ನಿಂತಿರಲಿಲ್ಲ. ಡಬ್ಬಿಯ ಮುಂದೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡೆ. ಅವರು ಮಲಗಿದಲ್ಲಿಂದಲೇ, "ನಿಂದೇನ ತಪ್ಪಿಲ್ಲ," ಅಂದರು. "ಹೊಲದಾಗ ನಾ ಏನೂ ಮಾಡೂದಿಲ್ಲ. ಬಿಸಲು, ಗಾಳಿ ಎಲ್ಲಾ ಮಾಡತಾವ. ಇಲ್ಲಿ ಅವು ಎಲ್ಲಿ ಬರಬೇಕು? ನನಗಽ ತಿಳೀಲಿಲ್ಲ."

ಮರುದಿನ ಅವರು ಬೇರೊಂದು ಮಾತು ಹೇಳಿದರು. ದಿನವಿಡೀ ಮಲಗಿದವರಿಗೆ ಮನೆಯೊಳಗಿನ ಬೆಳಕು ಬಾಯಿಪಾಠವಾಗಿತ್ತು. ಮುಂಜಾನೆ ಹೊಸ್ತಿಲ ಒಳಗೆ ಎಲ್ಲಿಯತನಕ ಬರುತ್ತದೆ, ಚಾವಣಿಯಲ್ಲಿದ್ದ ಗಾಜಿನ ಹಂಚಿನಿಂದ ಮಧ್ಯಾಹ್ನ ಎಲ್ಲಿ ಬಿದ್ದು ಎಲ್ಲಿಗೆ ಸರಿಯುತ್ತದೆ, ಎಲ್ಲಾ. ಕೈ ಚಾಚಿ ತೋರಿಸುತ್ತಿದ್ದರು, ನಾನು ಡಬ್ಬಿ ಸರಿಸುತ್ತಿದ್ದೆ. "ಇನ್ನೂ ಈಚೆ. ಹಾಂ, ಈಗ ಇಡು." ಆ ಬೆಳಕು ಕಡೆಗೆ ಅವರ ಹೊರಸಿನ ಬಗಲಿಗೇ ಬರುತ್ತಿತ್ತು. ಡಬ್ಬಿಗಳನ್ನು ಅಲ್ಲಿಟ್ಟು ನಾನೂ ಅಲ್ಲೇ ಅಕ್ಕಿ ಆರಿಸುತ್ತ ಕೂಡುತ್ತಿದ್ದೆ.

ಒತ್ತಾಗಿದ್ದ ಸಸಿಗಳನ್ನು ಕೀಳಲು ನನಗೆ ಕೈ ಬರಲಿಲ್ಲ. "ಹಿಂಗ ಕೊಡು," ಎಂದು ಡಬ್ಬಿಯನ್ನು ಹೊರಸಿನ ಮೇಲೆ ಇಡಿಸಿಕೊಂಡು ತಾವೇ ಕಿತ್ತರು. ಜರಡಿ ಹಿಡಿದ ಹಳೇ ತಿಪ್ಪೆಗೊಬ್ಬರವನ್ನು ಒಂದೊಂದು ಚಿಟಿಕೆ ಬುಡಕ್ಕೆ ಉದುರಿಸಿದರು. ಆಮೇಲೆ ಅಂಗೈಯನ್ನು ಸಸಿಗಳ ತುದಿಯ ಮೇಲೆ ಮೆಲ್ಲಗೆ ಆ ಕಡೆಯಿಂದ ಈ ಕಡೆಗೆ ಆಡಿಸಿದರು.

"ಏನ ಮಾಡಾಕತ್ತೀರಿ?"

"ಗಾಳಿ ಇಲ್ಲಲ್ಲ. ಅಲಗ್ಯಾಡಿದ್ರ ದಂಟ ಗಟ್ಟಿ ಆಗತೇತಿ."

ಹಾಗೆ ಕೈಯಾಡಿಸುತ್ತ ಅವರು ಮಾತಾಡತೊಡಗಿದರು. ತಮ್ಮಪ್ಪ ತೀರಿಕೊಂಡ ಮೇಲೆ ಸಾಲಿ ಬಿಟ್ಟಿದ್ದು, ತಂಬೂರ ಕೆರೆಯಲ್ಲಿ ಈಜು ಕಲಿತದ್ದು, ಕತ್ತಲೆಂದರೆ ಈಗಲೂ ಸ್ವಲ್ಪ ಅಂಜಿಕೆಯಾಗುವುದು. ನಾನು ಅಪ್ಪನ ಅಂಗಡಿಯ ಮಾತು ಹೇಳುತ್ತಿದ್ದೆ. ಮದುಮಗನಿಗೆ ಹೊಲಿದ ಅಂಗಿಗೆ ಎರಡೂ ತೋಳು ಎಡಗೈಯವೇ ಆಗಿದ್ದ ಕತೆಗೆ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಡಿಗೆ ಮನೆಯಿಂದ ಅತ್ತೆ ಇಣುಕಿ ನೋಡಿ ಒಳಗೆ ಹೋದರು. ನನ್ನ ಕಣ್ಣು ಮಾತ್ರ ಆ ಕೈಯ ಮೇಲೇ ಇರುತ್ತಿತ್ತು. ಅಷ್ಟು ದೊಡ್ಡ ಒರಟು ಕೈ ಅಷ್ಟು ಹಗುರ ಆಗಬಲ್ಲದು ಎಂದು ನಾನು ತಿಳಿದಿರಲಿಲ್ಲ.

ಸಸಿ ಚೇತರಿಸಿಕೊಂಡವು. ಮೂರನೆಯ ಎಲೆ, ನಾಲ್ಕನೆಯದು, ಆಮೇಲೆ ದಿನಾ ಒಂದು ಹೊಸ ಚಿಗುರು. ಮಳೆ ಹೊಳವಾಗಿ ಬಿಸಿಲು ಬಿದ್ದ ಒಂದು ದಿನ ನಾನು, ಅತ್ತೆ, ಕೂಲಿಯ ಹೆಣ್ಣುಮಕ್ಕಳು ಹೊಲಕ್ಕೆ ಹೋಗಿ ಅಗಿ ಹಚ್ಚಿದೆವು. ಅವರನ್ನು ಚಕ್ಕಡಿಯಲ್ಲಿ ಕೂಡಿಸಿ ಒಯ್ದಿದ್ದೆವು. ಚಕ್ಕಡಿ ಇಳಿಯದೆಯೇ ಒಂದು ಹೆಂಟೆ ಮಣ್ಣು ತರಿಸಿಕೊಂಡು, ಮುಷ್ಟಿಯಲ್ಲಿ ಪುಡಿ ಮಾಡುತ್ತ ಕೂತಿದ್ದರು. ಅವರ ಮುಖ ಅವತ್ತು ನನ್ನ ಕಡೆಗೆ ಒಮ್ಮೆಯೂ ತಿರುಗಲಿಲ್ಲ. ಹಚ್ಚಿದ್ದು ತಡವಾಗಿದ್ದರಿಂದ ಕಾಯಿ ಕಡಿಮೆ ಬಂತು, ಆದರೂ ಮನೆಯ ವರ್ಷದ ಖಾರಕ್ಕೆ ಸಾಕಾಯಿತು.

ಮಳೆ ಹಿಂದಾಗುವ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿದರು. ಮೊದಲು ಕೋಲು ಹಿಡಿದು ನಡೆದರು, ಆಮೇಲೆ ಕೋಲು ಬಿಟ್ಟರು. ಹೊರಸು ಎತ್ತಿ ಗೋಡೆಗೆ ಆನಿಸಿದೆ. ನಾನು ದೇವರಿಗೆ ಬೇಡಿಕೊಂಡದ್ದೂ ಅದನ್ನೇ, ಅವರ ಕಾಲು ನೆಟ್ಟಗಾಗಲಿ ಎಂದು. ನೆಟ್ಟಗಾಯಿತು. ನಸುಕಿನಲ್ಲಿ ರೊಟ್ಟಿ ಕಟ್ಟಿಸಿಕೊಂಡು ಹೋಗತೊಡಗಿದರು.

ಕೆಟ್ಟವರಲ್ಲ ಅವರು. ಒಂದು ದಿನವೂ ಕೈ ಎತ್ತಲಿಲ್ಲ, ನನಗೆ, ಮಕ್ಕಳಿಗೆ ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೆ ಆ ಮಳೆಗಾಲದಲ್ಲಿ ಮಾತಾಡಿದ ಹಾಗೆ ಮುಂದೆ ಯಾವತ್ತೂ ಮಾತಾಡಲಿಲ್ಲ. ಮಾತೆಲ್ಲಾ ಹೊಲದಲ್ಲೇ ಖರ್ಚಾಗಿ ಬರುತ್ತಿತ್ತೋ ಏನೋ. ಒಮ್ಮೆ, ಮಕ್ಕಳು ಮಲಗಿದ ಮೇಲೆ, "ಕಾಲು ಮುರದಾಗ ಎಷ್ಟ ಛಂದ ಮಾತಾಡ್ತಿದ್ರಿ," ಅಂದೆ.

"ಮತ್ತೊಮ್ಮಿ ಬೀಳಲೇನ?" ಎಂದು ನಕ್ಕು ಆ ಕಡೆ ಹೊರಳಿದರು.

ಅವರು ಹೋಗಿ ಈಗ ಭಾಳ ವರ್ಷವಾದವು. ಹಾಸಿಗೆ ಹಿಡಿಯದೆ, ಹೊಲದಲ್ಲಿ ನಿಂತ ನಿಂತಲ್ಲೇ ಹೋದರು. ಅಂಥ ಸಾವು ಪುಣ್ಯವಂತರಿಗೆ ಎಂದು ಬಂದವರೆಲ್ಲ ಹೇಳಿದರು, ನಾನೂ ಹೌದೆಂದೆ. ಎಲ್ಲರೂ ಹೋದ ಮೇಲೆ, ಒಂದು ನಾಲ್ಕು ದಿನವಾದರೂ ಮಲಗಬಾರದಿತ್ತೇ, ಬಗಲಿಗೆ ಕೂತಿರುತ್ತಿದ್ದೆನಲ್ಲ ಎಂದು ಅನಿಸಿತು.

ಅವರು ಇದ್ದಷ್ಟು ಕಾಲ, ಸಂಜೆ ಹೊಲದಿಂದ ಬಂದಾಗ ಕಾಲಿಗೆ ನೀರು ಹಾಕುತ್ತ ನಾನು ದಿನಾ ಕೇಳುತ್ತಿದ್ದೆ, "ಇವತ್ತ ಹೊಲದಾಗ ಏನಾತ್ರಿ?"

"ಏನಾಗತೇತಿ," ಅನ್ನುತ್ತಿದ್ದರು. ನಾನು ತಂಬಿಗೆ ಹಿಡಿದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದೆ.